ತಿಗಣೆಗೆ ಬೆಳ್ಳಿಯ ಮದ್ದು

ಸೊಸೆಗೆ ಏಳು ತಿಂಗಳು ತುಂಬುವ ಹೊತ್ತಿಗೆ ನಮ್ಮ ಮನೆಗೆ ತಿಗಣೆ ಬಂದಿತ್ತು. ಬಂದಿರುವುದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಇಬ್ಬರೂ ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೆ.

ನಾನು ಸೊರಬದ ಒಂದು ಪ್ರೌಢಶಾಲೆಯಲ್ಲಿ ಗಣಿತದ ಟೀಚರು. ಮನೆಯಲ್ಲಿ ನಾನು, ನನ್ನ ಯಜಮಾನರು, ಬಸ್ ನಿಲ್ದಾಣದ ಹತ್ತಿರ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿರುವ ಮಗ, ಮತ್ತು ಸೊಸೆ. ಸೊಸೆಯ ತವರು ಶಿಕಾರಿಪುರ ತಾಲ್ಲೂಕಿನ ಅಂಜನಾಪುರ. ಮದುವೆಯಲ್ಲಿ ಅವಳ ಅಪ್ಪ ಅವ್ವ ಒಂದು ಒಳ್ಳೆಯ ಮರದ ಮಂಚ ಮಾಡಿಸಿ ಕೊಟ್ಟಿದ್ದರು. ಅದು ಹೊರಕೋಣೆಯ ಕಿಟಕಿಯ ಪಕ್ಕ ಇತ್ತು. ರಾತ್ರಿ ಮಗ ಸೊಸೆ ಅದರ ಮೇಲೆ ಮಲಗುತ್ತಿದ್ದರು. ಶಾಲೆಯಿಂದ ಬಂದ ಮೇಲೆ ಬೆಳಕು ಚೆನ್ನಾಗಿ ಬೀಳುತ್ತದೆಂದು ನಾನು ಅದರ ಮೇಲೆ ಕೂತು ಉತ್ತರಪತ್ರಿಕೆ ತಿದ್ದುತ್ತಿದ್ದೆ.

ಹಾಗೆ ತಿದ್ದಿ ಎದ್ದರೆ ನನ್ನ ಮೊಣಕೈ ಕೆಳಗೆ ಸಾಲಾಗಿ ದದ್ದು. ಸೊಸೆಯ ಕತ್ತಿನ ಹಿಂದೆಯೂ ಅಂಥವೇ. "ಈ ಸಲ ಸೊಳ್ಳೆ ಜಾಸ್ತಿ ಮಾರಾಯ್ತಿ," ಎಂದು ಯಾರೂ ಕೇಳದಿದ್ದರೂ ನಾನು ಹೇಳುತ್ತಿದ್ದೆ. "ಬಸರಿ ಮೈ ಕಡಿತೈತಂತ್ರಿ ಅತ್ತಿ, ನಮ್ಮವ್ವ ಹೇಳ್ತಿದ್ಲು," ಎಂದು ಅವಳು ಸೆರಗನ್ನು ಕತ್ತಿಗೆ ಸುತ್ತಿಕೊಳ್ಳುತ್ತಿದ್ದಳು. ಮಗನಿಗೆ ಏನೂ ಕಚ್ಚಿದ ಗುರುತಿಲ್ಲ. ಕೆಲವರ ಮೈ ಹಾಗೆ. ಅದರಿಂದ ನಮ್ಮಿಬ್ಬರಿಗೆ ಸುಳ್ಳು ಹೇಳಲು ಇನ್ನಷ್ಟು ಅನುಕೂಲವಾಯಿತು.

ಒಂದು ಭಾನುವಾರ ಮಧ್ಯಾಹ್ನ ಇಬ್ಬರೂ ಸೇರಿ ಆ ಮಂಚದ ಹೊದಿಕೆ ಮಡಚುತ್ತಿದ್ದೆವು. ದಿಂಬಿನ ಹೊಲಿಗೆಯ ಮೇಲೆ ಅಗಸೆ ಬೀಜದಷ್ಟು ದೊಡ್ಡದೊಂದು ಕಂದು ಚುಕ್ಕೆ ಇತ್ತು. ಅದು ನಡೆಯಿತು. ನಾನು ಯೋಚಿಸದೆ ಹೆಬ್ಬೆರಳಿನಿಂದ ಒತ್ತಿಬಿಟ್ಟೆ. ದಿಂಬಿನ ಮೇಲೆ ರಕ್ತದ ಗೆರೆ, ಮೂಗಿಗೆ ಆ ವಾಸನೆ. ಚಿಕ್ಕಂದಿನಲ್ಲಿ ಟೂರಿಂಗ್ ಟಾಕೀಸಿನ ಬೆಂಚಿನಲ್ಲಿ ಕೂತಿದ್ದವರಿಗೆ ಆ ವಾಸನೆ ಮರೆಯುವುದಿಲ್ಲ.

ಸೊಸೆ ಹೊದಿಕೆಯ ಇನ್ನೊಂದು ತುದಿಯನ್ನು ಹಿಡಿದುಕೊಂಡೇ ಅಳತೊಡಗಿದಳು. "ಅತ್ತಿ, ಯಾರಿಗೂ ಹೇಳಬ್ಯಾಡ್ರಿ."

ನಾನೂ ಅದನ್ನೇ ಹೇಳಬೇಕೆಂದಿದ್ದೆ.

ತಿಗಣೆ ಯಾರನ್ನೂ ಕೊಲ್ಲುವುದಿಲ್ಲ. ಆದರೆ ನಾನು ಬೆಳೆದ ಮನೆಯಲ್ಲಿ "ತಿಗಣೆ ಮನೆಯವರು" ಎನ್ನುವುದು ಒಂದು ಬೈಗುಳ. ಅಮ್ಮ ಯಾರನ್ನಾದರೂ ಹಾಗೆ ಕರೆದರೆ ಅವರ ಮನೆಯ ನೀರನ್ನೂ ನಾವು ಕುಡಿಯಬಾರದು ಎಂದು ಅರ್ಥ. ಶಾಲೆಯಲ್ಲಿ ಪ್ರತಿ ಸೋಮವಾರ ಪ್ರಾರ್ಥನೆಯ ನಂತರ ಮಕ್ಕಳ ಉಗುರು, ಕಾಲರು, ಕೂದಲು ನೋಡುವವಳು ನಾನೇ. ಸ್ವಚ್ಛತೆಯ ಬಗ್ಗೆ ಭಾಷಣ ಮಾಡುವವಳೂ ನಾನೇ. ಆ ಸೋಮವಾರ ಮಕ್ಕಳ ಮುಂದೆ ನಿಂತಾಗ ರವಿಕೆಯ ಉದ್ದ ತೋಳನ್ನು ಕೆಳಗೆಳೆದುಕೊಂಡೆ.

ಮನೆಯ ಗಂಡಸರಿಗೆ ಮಾತ್ರ ಹೇಳಲೇಬೇಕಾಯಿತು. ಮಗ ತಕ್ಷಣ ಗೊಬ್ಬರದ ಅಂಗಡಿಯಿಂದ ಔಷಧಿ ತರುತ್ತೇನೆಂದು ಹೊರಟ. ಎರಡು ಕಾರಣಕ್ಕೆ ತಡೆದೆ. ಬಸುರಿ ಇರುವ ಮನೆಯಲ್ಲಿ ಕಟುವಾದ ಸಿಂಪಡಣೆ ಬೇಡವೆಂದು ಆಸ್ಪತ್ರೆಯಲ್ಲಿ ಡಾಕ್ಟರು ಹೇಳಿದ್ದರು. ಅದು ಎಲ್ಲರಿಗೂ ಹೇಳಿದ ಕಾರಣ. ಗೊಬ್ಬರದ ಅಂಗಡಿಯವನ ಮಗಳು ನನ್ನ ತರಗತಿಯಲ್ಲಿದ್ದಳು. ಅದನ್ನು ಯಾರಿಗೂ ಹೇಳಲಿಲ್ಲ.

ಅಷ್ಟರಲ್ಲಿ ಸೊಸೆಯ ಕುಬುಸಕ್ಕೆ, ಅಂದರೆ ಸೀಮಂತಕ್ಕೆ, ದಿನ ನಿಗದಿಯಾಗಿತ್ತು. ಬೀಗರು ಭಾನುವಾರ ಬೆಳಿಗ್ಗೆ ಸೀರೆ, ಬಳೆ, ಬುತ್ತಿ ತಂದು ಶಾಸ್ತ್ರ ಮಾಡಿ, ಆ ರಾತ್ರಿ ನಮ್ಮಲ್ಲೇ ಉಳಿದು, ಮರುದಿನ ಮಗಳನ್ನು ಬಾಣಂತನಕ್ಕೆ ಕರೆದುಕೊಂಡು ಹೋಗುವುದೆಂದು ಮಾತಾಗಿತ್ತು. ಅವರು ಮಲಗಬೇಕಾದದ್ದು ಅದೇ ಹೊರಕೋಣೆಯಲ್ಲಿ, ಅದೇ ಮಂಚದ ಮೇಲೆ.

ನನಗೆ ಒಬ್ಬಳೇ ತಂಗಿ. ಶಿಕಾರಿಪುರದ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಡುತ್ತಾಳೆ. ಮದುವೆ ಮಾಡಿಕೊಳ್ಳಲಿಲ್ಲ. ಎಷ್ಟೋ ವರ್ಷದಿಂದ ಸೊಪ್ಪಿನ ರಸ, ಸೊಳ್ಳೆಮರಿ, ಜಿರಲೆ ಎಂದು ಅದರಲ್ಲೇ ಮುಳುಗಿದ್ದಾಳೆ. ಹಬ್ಬಕ್ಕೆ ಬಂದಾಗ ಅವಳು ನ್ಯಾನೋ ಕಣ ಎಂದು ಶುರು ಮಾಡಿದರೆ ನಾವೆಲ್ಲ ನಗುತ್ತಿದ್ದೆವು. "ಜಿರಲೆಗೆ ಬೆಳ್ಳಿ ಉಣ್ಣಿಸೋ ಪುಣ್ಯಾತ್ಗಿತ್ತಿ," ಎಂದು ಯಜಮಾನರು ಹೆಸರಿಟ್ಟಿದ್ದರು. ಈಗ ನಾನು ಶಾಲೆಗೆ ರಜೆ ಹಾಕಿ, ಶಿರಾಳಕೊಪ್ಪದಲ್ಲಿ ಬಸ್ ಬದಲಿಸಿ, ಅವಳ ಕಾಲೇಜಿಗೆ ಹೋದೆ.

ಪ್ರಯೋಗಾಲಯದಲ್ಲಿ ಅವಳೊಬ್ಬಳೇ ಇದ್ದಳು. ವಿಷಯ ಹೇಳಲು ನನಗೆ ಬಹಳ ಹೊತ್ತು ಹಿಡಿಯಿತು. ಬೀಗರ ಸುದ್ದಿ, ಸೀರೆಯ ಸುದ್ದಿ, ಅಡುಗೆಯವರ ಸುದ್ದಿ ಎಲ್ಲ ಹೇಳಿದ ಮೇಲೆ ರವಿಕೆಯ ತೋಳು ಸರಿಸಿ ತೋರಿಸಿದೆ.

ಅವಳು ಬಗ್ಗಿ ನೋಡಿದಳು. "ತಿಗಣೆ."

"ಮೆಲ್ಲಗೆ ಹೇಳೇ!"

"ಇಲ್ಲಿ ಯಾರದಾರೆ ಕೇಳೋಕೆ? ಅದಕ್ಕೆಂತ ನಾಚಿಕೆ ಅಕ್ಕಾ? ಬಸ್ಸಲ್ಲಿ ಬತ್ತಾವೆ, ಹಾಸ್ಟೆಲಲ್ಲಿ ಬತ್ತಾವೆ, ದೊಡ್ಡ ದೊಡ್ಡ ಹೋಟ್ಲಲ್ಲೂ ಅದಾವೆ."

"ನಿನ್ನ ಮದ್ದು ಕೊಡು."

ಅವಳು ಒಂದು ಗಾಜಿನ ಜಾಡಿ ತಂದಿಟ್ಟಳು. ಲಕ್ಕಿ ಸೊಪ್ಪನ್ನು ಕುದಿಸಿ ಸೋಸಿದ ನೀರು ಅದರಲ್ಲಿತ್ತು. ತೆಳು ಚಹಾದ ಬಣ್ಣ. ಅದಕ್ಕೆ ನೀರಿನಂತೆ ತಿಳಿಯಾದ ಬೆಳ್ಳಿಯ ದ್ರಾವಣವನ್ನು ತೊಟ್ಟು ತೊಟ್ಟಾಗಿ ಬಿಟ್ಟು, ಸಣ್ಣಗೆ ಬಿಸಿ ಮಾಡಿದಳು. ನೋಡುತ್ತಾ ಇದ್ದಂತೆ ಬಣ್ಣ ಗಾಢವಾಗುತ್ತಾ ಹೋಗಿ ಕೊನೆಗೆ ಕಾಕಂಬಿಯ ಹಾಗಾಯಿತು. ಎಲೆಯೊಳಗಿನ ಸತ್ವವೇ ಬೆಳ್ಳಿಯನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿ ಮಾಡುತ್ತದೆ, ಬೇರೆ ವಿಷದ ರಾಸಾಯನಿಕ ಬೇಡ, ಅದಕ್ಕೇ ಇದನ್ನು ಹಸಿರು ವಿಧಾನ ಎನ್ನುತ್ತಾರೆ ಎಂದು ಬಿಡಿಸಿ ಹೇಳಿದಳು. ಲಕ್ಕಿ ಸೊಪ್ಪಿನ ಹೊಗೆ ಹಾಕಿದರೆ ಸೊಳ್ಳೆ ಹೋಗುತ್ತದೆಂದು ನಮ್ಮಜ್ಜಿಗೂ ಗೊತ್ತಿತ್ತು. ಅಜ್ಜಿಯ ಸೊಪ್ಪಿಗೆ ಮೊಮ್ಮಗಳು ಬೆಳ್ಳಿ ಸೇರಿಸಿದ್ದಳು. ಮೊದಲ ಸಲ ನನಗೆ ಅವಳ ಕೆಲಸದ ಬಗ್ಗೆ ಹೆಮ್ಮೆಯೆನಿಸಿತು, ಅದೂ ನನಗೆ ಬೇಕಾಗಿದ್ದರಿಂದ.

"ಆದ್ರೆ ಅಕ್ಕಾ, ಇದು ಇನ್ನೂ ಜಾಡಿ ಒಳಗಿನ ಮದ್ದು," ಎಂದಳು. "ಸೊಳ್ಳೆಮರಿ ಸಾಯ್ತಾವೆ, ಜಿರಲೆಮರಿ ಸಾಯ್ತಾವೆ. ತಿಗಣೆಗೆ ನಾನು ಹಾಕೇ ನೋಡಿಲ್ಲ. ಮನೇಲಿ ಹೊಡೆಯೋಕೆ ಇನ್ನೂ ಬಹಳ ಪರೀಕ್ಷೆ ಆಗ್ಬೇಕು."

"ಭಾನುವಾರ ಬೀಗರು ಬತ್ತಾರೆ."

"ಬಿಸಿನೀರು, ಬಿಸಿಲು, ಇಸ್ತ್ರಿಪೆಟ್ಟಿಗೆ. ಮಂಚ ಬಿಚ್ಚಿ ಅಂಗಳಕ್ಕೆ ಹಾಕು. ಅದೇ ಒಳ್ಳೇದು."

ಮಂಚ ಬಿಚ್ಚಿ ಅಂಗಳಕ್ಕೆ ಹಾಕಿದರೆ ಇಡೀ ಬೀದಿಗೆ ಡಂಗುರ ಹೊಡೆದಂತೆ. ಅದನ್ನು ಹೇಳುತ್ತಾ ನನಗೆ ಅಳು ಬಂದುಬಿಟ್ಟಿತು. ಮಕ್ಕಳು ಕೂರುವ ಆ ಎತ್ತರದ ಸ್ಟೂಲಿನ ಮೇಲೆ ಕೂತು, ಐವತ್ತು ದಾಟಿದ ನಾನು, ಒಂದು ಹುಳಕ್ಕಾಗಿ ಬಿಕ್ಕಿಬಿಕ್ಕಿ ಅತ್ತೆ. ತಂಗಿ ಹೆದರಿಹೋದಳು. ನಾನು ಅವಳೆದುರು ಅತ್ತದ್ದು ಅಮ್ಮ ತೀರಿಕೊಂಡಾಗ ಮಾತ್ರ.

"ಆಯ್ತು, ಶನಿವಾರ ಬತ್ತೀನಿ," ಎಂದಳು.

ಶನಿವಾರ ಮಗನ ಜೊತೆ ಸೊಸೆಯನ್ನು ಗುಡವಿ ಪಕ್ಷಿಧಾಮಕ್ಕೆ ಕಳಿಸಿದೆವು. ಕೆರೆಯಲ್ಲಿ ಹಕ್ಕಿ ಬಂದಿವೆ, ನೋಡಬೇಕೆಂದು ಅವಳು ಬಹಳ ದಿನದಿಂದ ಕೇಳುತ್ತಿದ್ದಳು. ಬಸುರಿಯ ಬಯಕೆ ತೀರಿದಂತೆಯೂ ಆಯಿತು, ಮದ್ದು ಹೊಡೆಯುವಾಗ ಅವಳು ದೂರ ಇದ್ದಂತೆಯೂ ಆಯಿತು. ಯಜಮಾನರು ಅಂಗಡಿ ನೋಡಿಕೊಳ್ಳಲು ಹೋದರು. ತಂಗಿ ಕಪ್ಪು ಕಾಗದ ಸುತ್ತಿದ ಎರಡು ಬಾಟಲಿಗಳನ್ನು ಚೀಲದಿಂದ ತೆಗೆದಳು. ಕೈಗವಸು ಒಂದೇ ಜೊತೆ ಇತ್ತು, ಅವಳು ಹಾಕಿಕೊಂಡಳು. ನಾನು ಒರೆಸುವ ಬಟ್ಟೆ ಹಿಡಿದೆ.

"ನೀ ಮುಟ್ಟಬೇಡ ಅಕ್ಕಾ."

"ಸೊಪ್ಪಿನ ರಸ ತಾನೇ," ಎಂದು ಮುಟ್ಟಿದೆ.

ಬಾಗಿಲು ಹಾಕಿಕೊಂಡು ಮಂಚದ ಸಂದು, ಗೋಡೆಯ ಬಿರುಕು, ಕಿಟಕಿಯ ಚೌಕಟ್ಟು ಎಲ್ಲ ಕಡೆ ಹೊಡೆದೆವು. ರಸ ಬಿದ್ದ ಕಡೆ ಒಂದೆರಡು ತಿಗಣೆ ಹೊರಬಂದು ಮಗುಚಿಬಿದ್ದವು. ನಾನು ಚಪ್ಪಾಳೆ ತಟ್ಟಿದೆ. ಚಿಕ್ಕಂದಿನಲ್ಲಿ ಇಬ್ಬರೂ ಸೇರಿ ಹೇನು ಹೆಕ್ಕುತ್ತಿದ್ದದ್ದನ್ನು ನೆನೆಸಿಕೊಂಡು ನಕ್ಕೆವು. ಅಷ್ಟು ನಕ್ಕು ಎಷ್ಟು ಕಾಲವಾಗಿತ್ತೋ.

ಮಂಚದ ಕೆಳಗೆ ನನ್ನ ಹಳೆಯ ಬಟ್ಟೆಯ ಬ್ಯಾಗು ಇತ್ತು. ಬೇಸಿಗೆಯಲ್ಲಿ ಶಿಕ್ಷಕರ ತರಬೇತಿಗೆಂದು ಹೊರಊರಿಗೆ ಹೋಗಿ ಹಾಸ್ಟೆಲೊಂದರಲ್ಲಿ ಉಳಿದಿದ್ದೆ. ಬಂದವಳು ಬ್ಯಾಗನ್ನು ಅಲ್ಲಿ ತಳ್ಳಿದ್ದೆ. ತಂಗಿ ಅದನ್ನು ಎಳೆದು ಜಿಪ್ಪಿನ ಅಂಚನ್ನು ಬಿಡಿಸಿ ನೋಡಿದಳು. ಹೊಲಿಗೆಯುದ್ದಕ್ಕೂ ಕರಿ ಚುಕ್ಕೆ, ಖಾಲಿ ಸಿಪ್ಪೆ, ಬಿಳಿ ಮೊಟ್ಟೆ, ಒತ್ತೊತ್ತಾಗಿ ಜೀವಂತ ತಿಗಣೆ.

"ಅಕ್ಕಾ, ಶುರುವಾಗಿದ್ದು ಇಲ್ಲಿಂದ."

ಹಿತ್ತಲಿಗೆ ಒಯ್ದು ಸೀಮೆಎಣ್ಣೆ ಹಾಕಿ ಸುಟ್ಟೆವು. ಉರಿಯುತ್ತಿರುವಾಗ ಅವಳು ಕೇಳಿದಳು, "ಸೊಸೆಗೆ ಹೇಳ್ತೀಯಲ್ಲ?"

"ನೋಡಣ," ಎಂದೆ.

ಸಂಜೆ ಸೊಸೆ ಗುಡವಿಯಿಂದ ಬಂದಳು. ಕೆರೆಯ ಮರಗಳ ತುಂಬ ಬೆಳ್ಳಗೆ ಹಕ್ಕಿ ಕೂತಿದ್ದನ್ನು, ಮರಿಗಳು ಕಿರುಚುವುದನ್ನು ಕಣ್ಣರಳಿಸಿ ಹೇಳಿದಳು. ಹೇಳುತ್ತಾ ಹೇಳುತ್ತಾ ದನಿ ತಗ್ಗಿಸಿ, "ಅತ್ತಿ, ಮಂಚದಾಗ ಇದ್ವೇನ್ರಿ?" ಎಂದಳು.

"ಇದ್ವು," ಎಂದೆ.

ಅವಳ ಮುಖ ಬಾಡಿತು. ಅದು ಅವಳ ಅಪ್ಪ ಕೊಟ್ಟ ಮಂಚ. ಅದರಿಂದಲೇ ಬಂದವೆಂದು ಅವಳು ಇಷ್ಟು ದಿನವೂ ಒಳಗೊಳಗೇ ಬೇಯುತ್ತಿದ್ದಳೆಂದು ನನಗೆ ಆಗ ಹೊಳೆಯಿತು. ಬ್ಯಾಗಿನ ಸುದ್ದಿ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಹಾಲಿನವನು ಕರೆದ, ಎದ್ದು ಹೋದೆ. ಹಾಲಿನವನು ಕರೆಯದಿದ್ದರೂ ಇನ್ನೇನಾದರೂ ನೆಪ ಸಿಗುತ್ತಿತ್ತು.

ಆ ರಾತ್ರಿ ಹೊರಕೋಣೆ ಮುಚ್ಚಿಟ್ಟು, ತಂಗಿಯೂ ಸೇರಿ ಎಲ್ಲರೂ ಪಡಸಾಲೆಯಲ್ಲಿ ಮಲಗಿದೆವು. ಮರುದಿನ ಬೆಳಿಗ್ಗೆ ಬಿಸಿಲು ಹೊರಕೋಣೆಯ ಗೋಡೆಗೆ ಬಿದ್ದಾಗ ನಾನು ಕಿರುಚಿದೆ. ಬಿಳಿ ಬಣ್ಣದ ಗೋಡೆಯ ಮೇಲೆ ಕಂದು ಕಪ್ಪು ಮಚ್ಚೆಗಳು. ಸೋರಿಳಿದ ಗೆರೆಗಳು. ಕಿಟಕಿಯ ಕೆಳಗೆ ಯಾರೋ ಎಲೆಅಡಿಕೆ ಉಗುಳಿದ ಹಾಗೆ. ಗಾಬರಿಯಿಂದ ಉಜ್ಜಲು ಕೈ ಚಾಚಿದರೆ ನನ್ನ ಕೈಯೂ ಹಾಗೇ ಆಗಿದೆ. ಬೆರಳ ತುದಿ, ಅಂಗೈ, ಹೆಬ್ಬೆರಳಿನ ಬುಡ, ಎಲ್ಲ ಮಸಿ ಮೆತ್ತಿದಂತೆ. ಸೋಪು, ಹುಣಸೆಹಣ್ಣು, ನಿಂಬೆಹಣ್ಣು, ಪಾತ್ರೆಯ ಪುಡಿ ಯಾವುದಕ್ಕೂ ಜಗ್ಗಲಿಲ್ಲ.

ತಂಗಿ ಗೋಡೆಯ ಮುಂದೆ ನಿಂತಳು. ಅವಳ ಮುಖ ನೋಡಲಾಗಲಿಲ್ಲ. "ಬೆಳ್ಳಿ ಪೂರಾ ಕಣ ಆಗಿಲ್ಲ," ಎಂದಳು. "ಮಿಕ್ಕಿದ್ದು ಹಂಗೇ ಉಳ್ಕಂಡಿತ್ತು. ಅದು ಬೆಳಕು ಕಂಡ್ರೆ ಕಪ್ಪಾಗ್ತದೆ. ಯಂತ್ರದಲ್ಲಿ ತಿರುಗಿಸಿ ತೊಳೀಬೇಕಿತ್ತು. ಕಾಲೇಜಲ್ಲಿ ಯಾವತ್ತೂ ತೊಳೀತೀನಿ. ಈ ಸಲ ಅವಸರ ಆಯ್ತು."

"ಕೈಯದ್ದು ಯಾವಾಗ ಹೋಗ್ತದೆ?"

"ಚರ್ಮ ಸುಲಿದು ಹೊಸದು ಬರಬೇಕು ಅಕ್ಕಾ."

ಗೋಡೆಗೆ ಕ್ಯಾಲೆಂಡರ್ ಹಾಕಿದೆವು, ಹಳೆಯ ಸೀರೆಯೊಂದನ್ನು ಪರದೆಯ ಹಾಗೆ ಇಳಿಬಿಟ್ಟೆವು. ಕೈಗೆ ಅರಿಶಿನ ಬಳಿದುಕೊಂಡೆ. ಅರಿಶಿನದ ಮೇಲೆ ಕಪ್ಪು ಇನ್ನೂ ಚೆನ್ನಾಗಿ ಕಂಡಿತು.

ಬೀಗರು ಹೇಳಿದ್ದಕ್ಕಿಂತ ಮುಂಚೆಯೇ ಬಂದರು. ಹಸಿರು ಸೀರೆ, ಹಸಿರು ಬಳೆ, ಐದು ಥರದ ಬುತ್ತಿ, ಉಂಡೆ, ಚಕ್ಕುಲಿ, ತೆಂಗಿನಕಾಯಿ. ಬೀಗಿತ್ತಿ ನನ್ನ ಕೈ ಹಿಡಿದುಕೊಂಡೇ ಮಾತಾಡುವ ಹೆಂಗಸು. ಬಾಗಿಲಲ್ಲೇ ಹಿಡಿದರು, ಹಿಡಿದವರು ತಿರುಗಿಸಿ ನೋಡಿದರು.

"ಯವ್ವಾ! ಕೈಗೆ ಏನಾಗೇತ್ರಿ ಬೀಗರ?"

"ಅಡಿಕೆ ಚೊಗರಿನ ಕಲೆ," ಎಂದೆ.

"ನಿಮ್ಮದು ತ್ವಾಟ ಇಲ್ಲಲ್ರಿ?"

"ಪಕ್ಕದ ಮನೆಯವರದ್ದು. ಸುಲಿಯೋಕೆ ಹೋಗಿದ್ದೆ."

ಪಕ್ಕದ ಮನೆಯಾಕೆ ಆರತಿ ತಟ್ಟೆ ಹಿಡಿದು ನನ್ನ ಬೆನ್ನ ಹಿಂದೆಯೇ ನಿಂತಿದ್ದರು. ಅವರ ಮನೆಯಲ್ಲಿ ಅಡಿಕೆ ಸುಲಿತ ಇನ್ನೂ ಶುರುವೇ ಆಗಿರಲಿಲ್ಲ. ಅವರು ಒಂದು ಸಲ ನನ್ನ ಮುಖ ನೋಡಿ, ಆರತಿ ತಟ್ಟೆಯನ್ನು ಬೀಗರ ಮುಂದೆ ಹಿಡಿದರು.

ಶಾಸ್ತ್ರ ಚೆನ್ನಾಗಿಯೇ ನಡೆಯಿತು. ಸೊಸೆ ಹಸಿರು ಸೀರೆಯುಟ್ಟು ಹಲಗೆಯ ಮೇಲೆ ಕೂತಿದ್ದಳು. ಒಬ್ಬೊಬ್ಬರಾಗಿ ಬಂದು ಅರಿಶಿನ ಕುಂಕುಮ ಹಚ್ಚಿ ಉಡಿ ತುಂಬಿದರು. ನಾನು ಹಚ್ಚುವಾಗ ನನ್ನ ಕಪ್ಪು ಬೆರಳು ಅವಳ ಕೆನ್ನೆಯ ಮೇಲಿತ್ತು. ಫೋಟೋದವನು, "ಅಮ್ಮಾ, ಹಂಗೇ ಇರಿ," ಎಂದ. ಆ ಫೋಟೋ ಈಗಲೂ ಅವಳ ಫೋನಿನಲ್ಲಿದೆ.

ಮಧ್ಯಾಹ್ನದ ಊಟವಾದ ಮೇಲೆ ಬೀಗರನ್ನು, ಸೊಸೆಯ ಅಪ್ಪನನ್ನು, ಹೊರಕೋಣೆಯಲ್ಲಿ ಮಲಗಿಸಿದೆವು. ಹೊಸ ಹಾಸಿಗೆ, ಇಸ್ತ್ರಿ ಮಾಡಿದ ಹೊದಿಕೆ. ನಾವು ಹೆಂಗಸರೆಲ್ಲ ಪಡಸಾಲೆಯಲ್ಲಿ ಎಲೆಅಡಿಕೆ ಹಾಕಿಕೊಂಡು ಕೂತಿದ್ದೆವು. ಬೀದಿಯ ನಾಲ್ಕೈದು ಮನೆಯವರಿದ್ದರು. ಸ್ವಲ್ಪ ಹೊತ್ತಿಗೆ ಬೀಗರು ಬಾಗಿಲಲ್ಲಿ ಬಂದು ನಿಂತರು. ಮೆತ್ತನೆಯ ಮನುಷ್ಯ, ಜೋರಾಗಿ ಮಾತಾಡಿದ್ದನ್ನು ನಾನು ಕೇಳಿಲ್ಲ. ಬಿಳಿ ಅಂಗಿಯ ಕಾಲರನ್ನು ಒಂದು ಕೈಯಲ್ಲಿ ಹಿಡಿದುಕೊಂಡು, ಇನ್ನೊಂದು ಕೈಯನ್ನು ಹೆಂಡತಿಯ ಮುಂದೆ ಚಾಚಿದರು. ಅಂಗೈ ಮೇಲೆ ಒಂದು ತಿಗಣೆ ಹರಿದಾಡುತ್ತಿತ್ತು.

ಮದ್ದು ಅವನ್ನು ಕೊಂದಿರಲಿಲ್ಲ. ಮೈಮೇಲೆ ಬಿದ್ದ ಒಂದೆರಡನ್ನು ಬಿಟ್ಟರೆ ಉಳಿದವನ್ನು ಬರೀ ಜಾಗ ಬಿಡಿಸಿತ್ತು. ಸಂದಿನಿಂದ ಎದ್ದವು ಹಗಲಲ್ಲೇ ಹೊಸ ಹಾಸಿಗೆಗೆ ಬಂದಿದ್ದವು.

ಬೀಗಿತ್ತಿ ಗಂಡನ ಅಂಗೈ ನೋಡಿದರು, ಕೋಣೆಯ ಕಡೆ ನೋಡಿದರು. ಅವರು ನನ್ನನ್ನು ಬೈಯುತ್ತಾರೆಂದು ಕಾದೆ. ಆದರೆ ಅವರ ದನಿ ನಡುಗುತ್ತಿತ್ತು.

"ನಾವು ಕೊಟ್ಟ ಮಂಚದಾಗಿನವೇನ್ರಿ ಬೀಗರ? ಹಳೇ ಮನಿ ತೊಲಿ ಕೊಯ್ಸಿ ಮಾಡ್ಸಿದ್ವಿ. ಮರದಾಗ ಬಂದಿರ್ಬೇಕು. ನಮ್ಮಿಂದ ನಿಮಗ ಇಂಥಾದ್ದು ಬಂತಲ್ರಿ."

ಬೀದಿಯ ಹೆಂಗಸರು ಅವರನ್ನೇ ನೋಡುತ್ತಿದ್ದರು. ಸೊಸೆ ತಲೆ ತಗ್ಗಿಸಿ ಹಸಿರು ಬಳೆಗಳನ್ನು ಒಂದೊಂದಾಗಿ ಮೇಲೆ ಸರಿಸುತ್ತಿದ್ದಳು. ನನಗೆ ಬೇಕಾದದ್ದೆಲ್ಲ ತಾನಾಗಿ ಸಿಕ್ಕಿತ್ತು. ನಾನೇನೂ ಸುಳ್ಳು ಹೇಳಬೇಕಿರಲಿಲ್ಲ. ಸುಮ್ಮನಿದ್ದರೆ ಸಾಕಿತ್ತು.

ಸುಮ್ಮನಿದ್ದೆ. ತಂಗಿ ನನ್ನನ್ನು ನೋಡುತ್ತಿದ್ದಳು, ಬಾಯಿ ತೆರೆಯುವುದರಲ್ಲಿದ್ದಳು. ಅವಳು ಹೇಳಿಬಿಡುತ್ತಾಳೆ ಎಂಬ ಭಯಕ್ಕೆ ನಾನು ಮಾತಾಡಿದೆನೋ, ಆ ಹೆಂಗಸಿನ ನಡುಗುವ ದನಿಗೆ ಮಾತಾಡಿದೆನೋ, ಈಗಲೂ ತಿಳಿಯದು. ಎರಡನೆಯದು ಎಂದು ಬರೆಯಲು ಆಸೆಯಾಗುತ್ತದೆ.

"ಮಂಚದ್ದಲ್ಲ ಬೀಗರೇ. ನನ್ನ ಬ್ಯಾಗಲ್ಲಿ ಬಂದಿದ್ದು. ಟ್ರೈನಿಂಗಿಗೆ ಹೋಗಿದ್ನಲ್ಲ, ಅಲ್ಲಿಂದ. ನಿನ್ನೆ ನೋಡಿದ್ವಿ. ಕೈಗೆ ಆಗಿದ್ದೂ ಚೊಗರಲ್ಲ. ತಿಗಣೆಗೆ ಮದ್ದು ಹೊಡೆದಿದ್ದು."

ಸೊಸೆ ತಲೆಯೆತ್ತಿದಳು. "ನಿನ್ನೆನೇ ಗೊತ್ತಿತ್ತೇನ್ರಿ ಅತ್ತಿ?" ಎಂದಳು. ಸಿಟ್ಟಿನಿಂದಲ್ಲ. ಕೇಳಿದಳು, ಅಷ್ಟೆ. ನಾನು ತಲೆಯಾಡಿಸಿದೆ.

ತಂಗಿ ಮದ್ದನ್ನು ತಾನೇ ಮಾಡಿದ್ದೆಂದು, ತಪ್ಪು ತನ್ನದೂ ಇದೆಯೆಂದು ಹೇಳಲು ಹೊರಟಳು. ಎಲೆರಸ, ಬೆಳ್ಳಿ ಎಂದೆಲ್ಲ ಹೇಳುತ್ತಿದ್ದಂತೆ ಬೀಗಿತ್ತಿ ಕೈಯೆತ್ತಿ ನಿಲ್ಲಿಸಿದರು. ಆ ಹೊತ್ತಿಗೆ ಅವರ ದನಿ ಗಟ್ಟಿಯಾಗಿತ್ತು.

"ಅದಿರ್ಲಿ ಬಿಡ್ರಿ. ಬಸರಿ ಹುಡುಗಿ ಇಷ್ಟು ದಿನ ಅದರಾಗ ಮಲಗ್ಯಾಳ. ನಮಗೊಂದು ಮಾತು ಹೇಳಬಾರದಿತ್ತೇನ್ರಿ? ಹೇಳಿದ್ರ ಮೊದ್ಲ ಕರ್ಕೊಂಡು ಹೋಗ್ತಿದ್ವಿ."

ತಿಗಣೆ ಇರುವುದಕ್ಕೆ ನಾಚಿಕೊಂಡು ಕೂತವಳಿಗೆ, ಮಗುವನ್ನು ಹೊತ್ತವಳ ನಿದ್ದೆ ಕೆಡುತ್ತಿರುವುದು ಕಾಣಿಸಿರಲಿಲ್ಲ.

ಅವತ್ತೇ ಹೊರಡುವುದೆಂದು ತೀರ್ಮಾನವಾಯಿತು. ಆಮೇಲಿನದನ್ನು ನೆನೆದರೆ ಇಂದಿಗೂ ಮೈ ಕುಗ್ಗುತ್ತದೆ. ತಿಗಣೆ ಅಂಜನಾಪುರಕ್ಕೆ ಹೋಗಬಾರದಲ್ಲ! ಹಿತ್ತಲಲ್ಲಿ ಹಂಡೆ ನೀರು ಕಾಯಿಸಿದೆವು. ಸೊಸೆಯ ಬಟ್ಟೆಗಳನ್ನು ಒಂದೊಂದಾಗಿ ಬಿಡಿಸಿ, ಹೊಲಿಗೆ ನೋಡಿ, ಕುದಿಯುವ ನೀರಿಗೆ ಹಾಕಿದೆವು. ಒಂದು ಕಡೆ ನಾನು, ಒಂದು ಕಡೆ ಬೀಗಿತ್ತಿ. ಮಗುವಿಗೆಂದು ಅವಳು ಹೆಣೆದಿದ್ದ ಉಲ್ಲನ್ನಿನ ಟೋಪಿ ಬಿಸಿನೀರಿಗೆ ಬಿದ್ದು ಮುದುಡಿಹೋಯಿತು. ಸೊಸೆ ಸ್ನಾನ ಮಾಡಿ ಬಂದಾಗ ಉಡಲು ಮನೆಯಲ್ಲಿ ನಂಬಿಕೆಯಿಂದ ಕೊಡಬಹುದಾದ ಒಂದು ಸೀರೆಯೂ ಇರಲಿಲ್ಲ. ಆಗ ಪಕ್ಕದ ಮನೆಯಾಕೆ ತಮ್ಮದೊಂದು ಸೀರೆ ತಂದುಕೊಟ್ಟರು. ಕುಬುಸದ ದಿನ ನನ್ನ ಸೊಸೆ ಎರವಲು ಸೀರೆಯುಟ್ಟು ತವರಿಗೆ ಹೋದಳು. ಕಾರು ಹತ್ತುವ ಮೊದಲು ನನ್ನ ಕಾಲು ಮುಟ್ಟಲು ಬಗ್ಗಿದಳು. ಹೊಟ್ಟೆ ಅಡ್ಡ ಬಂತು. "ಬೇಡ ಬೇಡ," ಎಂದು ಹಿಂದೆ ಸರಿದೆ. ಅವಳನ್ನು ಮುಟ್ಟಲೂ ಹೆದರಿಕೆಯಾಗಿತ್ತು.

ಸೋಮವಾರದ ಹೊತ್ತಿಗೆ ಸುದ್ದಿ ಶಾಲೆಗೆ ಬಂದಿತ್ತು. ಯಾರೂ ಎದುರಿಗೆ ಏನೂ ಅನ್ನಲಿಲ್ಲ. ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕದ ಕುರ್ಚಿಯ ಮೇಲೆ ಬ್ಯಾಗಿಡುತ್ತಿದ್ದ ಸಹೋದ್ಯೋಗಿ ಅದನ್ನು ಕಿಟಕಿಯ ಮೇಲೆ ಇಡತೊಡಗಿದರು. ಸಂಜೆ ನಮ್ಮ ಮನೆಗೆ ಪಾಠಕ್ಕೆ ಬರುತ್ತಿದ್ದ ಮಕ್ಕಳು ಕಡಿಮೆಯಾದರು. ಒಬ್ಬ ತಾಯಿ ಮನೆಗೇ ಬಂದು ಗೇಟಿನಾಚೆ ನಿಂತರು. ಸಮಾಧಾನ ಹೇಳಲು ಬಂದಿದ್ದಾರೆಂದು ಬಾಗಿಲಿಗೆ ಹೋದೆ. "ಮೇಡಂ, ತಪ್ಪು ತಿಳೀಬೇಡಿ. ನಮ್ಮ ಹುಡುಗಿ ನಿಮ್ಮನೆಗೆ ಬರ್ತಿದ್ಲಲ್ಲ, ಅವಳ ಬ್ಯಾಗಿಗೆ ಹತ್ತಿರಬೋದಾ?" ಎಂದರು. "ಹತ್ತಿರಬಹುದು," ಎಂದೆ. ಹೊಲಿಗೆಯನ್ನು ಹೇಗೆ ನೋಡಬೇಕೆಂದು ಗೇಟಿನಲ್ಲೇ ತೋರಿಸಿಕೊಟ್ಟೆ. ಆಕೆ ನನ್ನ ಕಪ್ಪು ಬೆರಳುಗಳನ್ನೇ ನೋಡುತ್ತಿದ್ದರು. ಪ್ರಾರ್ಥನೆಯ ನಂತರ ಉಗುರು ನೋಡುವ ಕೆಲಸವನ್ನು ಬೇರೆಯವರಿಗೆ ವಹಿಸಬೇಕೆಂದು ನಾನೇ ಮುಖ್ಯೋಪಾಧ್ಯಾಯರಿಗೆ ಹೇಳಿದೆ. ಅವರು ಕಾರಣ ಕೇಳಲಿಲ್ಲ.

ತಂಗಿ ಪ್ರತಿ ವಾರ ಬರತೊಡಗಿದಳು. ಬೆಳ್ಳಿಯ ಬಾಟಲಿ ತರಲಿಲ್ಲ. ಮಂಚ ಬಿಚ್ಚಿ ಅಂಗಳಕ್ಕೆ ಹಾಕಿದೆವು; ಈಗ ಮುಚ್ಚಿಡಲು ಏನಿತ್ತು? ಪ್ರತಿ ಸಂದಿಗೂ ಕುದಿನೀರು, ಹಾಸಿಗೆಯ ಅಂಚಿಗೆ ಇಸ್ತ್ರಿಪೆಟ್ಟಿಗೆ, ಗೋಡೆಯ ಬಿರುಕಿಗೆ ಸಿಮೆಂಟು. ಸಿಕ್ಕ ಜೀವಂತ ತಿಗಣೆಗಳನ್ನು ಅವಳು ಸಣ್ಣ ಸೀಸೆಯಲ್ಲಿ ಕಾಲೇಜಿಗೆ ಒಯ್ದು, ತೊಳೆದ ಕಣ, ತೊಳೆಯದ ಕಣ, ಬರೀ ಲಕ್ಕಿ ರಸ, ಬರೀ ನೀರು ಎಂದು ಬೇರೆಬೇರೆಯಾಗಿ ಹಾಕಿ ನೋಡಿದಳು.

"ಮೈ ನೆನೆದ್ರೆ ಸಾಯ್ತಾವೆ ಅಕ್ಕಾ," ಎಂದಳು ಒಂದು ದಿನ, ಹಾಸಿಗೆಗೆ ಇಸ್ತ್ರಿ ಹಾಕುತ್ತಾ. "ಮರದ ಚೂರಿನ ಸಂದಿಗೆ ಹೋಗಿ ಕೂತ್ರೆ ಸಾಯಲ್ಲ. ಮನೆ ಅಂದ್ರೆ ಬರೀ ಸಂದಿ. ಅಷ್ಟು ಸಣ್ಣ ವಿಷಯ ನಂಗೆ ಹೊಳೀಲಿಲ್ಲ ನೋಡು."

"ನಾನು ಅತ್ತಿದ್ದಕ್ಕೆ ಕೊಟ್ಟೆ ನೀನು."

"ನೀ ಅತ್ತೆ ಅಂತ ಕೊಟ್ಟಿದ್ದಲ್ಲ. ನೀವೆಲ್ಲ ನಗ್ತಿದ್ರಲ್ಲ, ಒಂದ್ಸಲ ನನ್ನ ಮದ್ದು ನಿಮ್ಮನೇಲಿ ಕೆಲಸ ಮಾಡ್ಲಿ ಅಂತ ಆಸೆಯಾಗಿತ್ತು."

ಇಸ್ತ್ರಿಪೆಟ್ಟಿಗೆಯ ಹಬೆಯಲ್ಲಿ ಅವಳ ಮುಖ ಸರಿಯಾಗಿ ಕಾಣಲಿಲ್ಲ. ಹಬ್ಬ ಹಬ್ಬಕ್ಕೂ ಅವಳು ಮಾತು ಅರ್ಧಕ್ಕೆ ನಿಲ್ಲಿಸಿ ಅಡುಗೆಮನೆಗೆ ಎದ್ದು ಹೋಗುತ್ತಿದ್ದದ್ದು ನೆನಪಾಯಿತು. ಆಗ ನಗುತ್ತಿದ್ದವರಲ್ಲಿ ನನ್ನ ದನಿಯೇ ಜೋರು.

ತಿಗಣೆ ಹೋದವು. ಒಮ್ಮೆಲೇ ಅಲ್ಲ; ಹೋದವೆಂದುಕೊಂಡ ಮೇಲೂ ಮತ್ತೆ ಒಂದು, ಮತ್ತೆ ಒಂದು ಕಾಣುತ್ತಾ, ಚಳಿಗಾಲ ಕಳೆಯುವ ಹೊತ್ತಿಗೆ ನಿಂತವು. ಮೊಮ್ಮಗಳು ಹುಟ್ಟಿದ ಸುದ್ದಿ ಬಂತು. ಮಗ ಅಂದೇ ಹೋದ. ನಾನು ಇವತ್ತು ನಾಳೆ ಎಂದು ತಳ್ಳುತ್ತಾ, ಕೊನೆಗೆ ಬೀಗಿತ್ತಿಯೇ ಫೋನ್ ಮಾಡಿ, "ಕೂಸು ನಿಮ್ಮನ್ನ ಹುಡುಕಾಕ ಹತ್ತೇತ್ರಿ, ಬರ್ರಿ," ಎಂದ ಮೇಲೆ ಹೋದೆ.

ಅಂಜನಾಪುರದ ಅವರ ಮನೆಯಲ್ಲಿ ಬಾಣಂತಿ ಕೋಣೆಗೆ ಕರೆದೊಯ್ದರು. ಸೊಸೆ ತಲೆಗೆ ಬಟ್ಟೆ ಕಟ್ಟಿಕೊಂಡು ಮಂಚದ ಮೇಲೆ ಕೂತಿದ್ದಳು, ಪಕ್ಕದಲ್ಲಿ ಮಗು. ನಾನು ಬಾಗಿಲ ಬಳಿಯ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡೆ.

"ಇಲ್ಲಿ ಬರ್ರಿ ಅತ್ತಿ," ಎಂದು ಸೊಸೆ ಮಂಚದ ಮೇಲೆ ಜಾಗ ತೋರಿಸಿದಳು.

"ಇಲ್ಲೇ ಸರಿಯಾಗಿದೆ."

"ಕೂಸಿನ ಮುಖ ಅಲ್ಲಿಂದ ಕಾಣ್ತೈತೇನ್ರಿ?"

ಬೀಗಿತ್ತಿ ನನ್ನ ತೋಳು ಹಿಡಿದು ಎಬ್ಬಿಸಿ ಮಂಚದ ಮೇಲೆ ಕೂರಿಸಿದರು. ಮಗುವನ್ನು ತೊಡೆಯ ಮೇಲಿಟ್ಟರು. ಅದು ನಿದ್ದೆಯಲ್ಲೇ ಬಾಯಿ ಚಪ್ಪರಿಸಿತು. ನಾನು ಮಂಚದ ಅಂಚಿನಲ್ಲಿ, ಹಾಸಿಗೆಗೆ ಸೀರೆ ತಾಗದಂತೆ ಮುದುರಿಕೊಂಡು ಕೂತಿದ್ದೆ. ಅದು ಎಲ್ಲರಿಗೂ ಕಾಣುತ್ತಿತ್ತು. ಸೊಸೆ ನನ್ನ ಸೆರಗನ್ನೆಳೆದು ಮಗುವಿನ ಕಾಲಿಗೆ ಹೊದಿಸಿದಳು.

ಸಂಜೆಯ ಬಸ್ಸಿನಲ್ಲಿ ಊರಿಗೆ ಹೊರಟೆ. ಅರ್ಧ ಬಸ್ಸು ಖಾಲಿಯಿತ್ತು. ಸೀಟಿನ ಹೊಲಿಗೆಯನ್ನೊಮ್ಮೆ ನೋಡಿ ನಾನು ಕಂಬ ಹಿಡಿದು ನಿಂತೆ. ಕಂಡಕ್ಟರು ಟಿಕೆಟ್ ಕೊಡುತ್ತಾ, "ಸೀಟ್ ಖಾಲಿ ಅದಾವಲ್ರಿ ಅಮ್ಮಾರ, ಕುಂದ್ರಿ," ಎಂದ.

"ಬೆನ್ನು ನೋವಪ್ಪಾ, ಕೂರೋಕೆ ಆಗಲ್ಲ," ಎಂದೆ.

ಅವನು ಅಯ್ಯೋ ಎಂದು ಮುಂದೆ ಹೋದ. ಶಿರಾಳಕೊಪ್ಪದವರೆಗೂ ನಿಂತೇ ಬಂದೆ.